ಮೂತಿಯಲ್ಲಿ ರೇಡಿಯೇಟರ್ ಇಲ್ಲದ ಮರ್ಸಿಡಿಸ್: 1934ರ ‘130’ ಎರಡೇ ವರ್ಷಕ್ಕೆ ನಿಂತದ್ದೇಕೆ?

ಪ್ರಶ್ನೆ: ಕೆಲಸದ ನಿಮಿತ್ತ ಕೆಲವು ವರ್ಷಗಳಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿ ನಡೆದ ಹಳೆಯ ಕಾರುಗಳ ಕೂಟವೊಂದರಲ್ಲಿ ಎರಡು ಬಾಗಿಲಿನ ಪುಟ್ಟ ಸಲೂನ್ ಕಾರೊಂದನ್ನು ನೋಡಿದೆ. ಮೂತಿಯ ಮೇಲೆ ಮರ್ಸಿಡಿಸ್ ನಕ್ಷತ್ರವಿತ್ತು, ಆದರೆ ರೇಡಿಯೇಟರ್ ಇರಲಿಲ್ಲ, ಎಂಜಿನ್ ಹಿಂದಿತ್ತು. ಅದು 1934ರ ‘130’ ಎಂದೂ, ಎರಡು ವರ್ಷ ಮಾತ್ರ ತಯಾರಾಯಿತೆಂದೂ ಅದರ ಒಡೆಯರು ಹೇಳಿದರು. ನೋಡಲು ಫೋಕ್ಸ್‌ವ್ಯಾಗನ್ ಬೀಟಲ್‌ನ ಅಣ್ಣನಂತಿತ್ತು. ಬೀಟಲ್ ಇದರ ನಕಲೇ? ಇಷ್ಟು ದೊಡ್ಡ ಕಂಪನಿ ಇದನ್ನು ಇಷ್ಟು ಬೇಗ ಕೈಬಿಟ್ಟದ್ದೇಕೆ? ನಮ್ಮ ಐರಾವತ ಬಸ್ಸುಗಳ ಎಂಜಿನ್ ಕೂಡ ಹಿಂದೆಯೇ ಇದ್ದು ಅವು ಚೆನ್ನಾಗಿಯೇ ಓಡುತ್ತಿರುವಾಗ, ಕಾರಿನಲ್ಲಿ ಅದೇಕೆ ತೊಂದರೆ ಕೊಟ್ಟಿತು?

ಉತ್ತರ: ನೀವು ನೋಡಿದ ಕಾರು ಸುಲಭಕ್ಕೆ ಕಣ್ಣಿಗೆ ಬೀಳುವಂಥದ್ದಲ್ಲ. ಡೈಮ್ಲರ್-ಬೆಂಜ್ ಕಂಪನಿ 1934ರಿಂದ 1936ರವರೆಗೆ ತಯಾರಿಸಿದ ‘130’ ಮಾದರಿಯ ಕಾರುಗಳು ಒಟ್ಟು 4,298. ಕಂಪನಿಯ ಒಳಗಿನ ಗುರುತಿನ ಸಂಖ್ಯೆ ಡಬ್ಲ್ಯೂ 23. ಎಂಜಿನ್ ಹಿಂದಿದ್ದುದರಿಂದ ಜನ ಅದನ್ನು ‘130 ಎಚ್’ ಎಂದೂ ಕರೆದರು. ಜರ್ಮನ್ ಭಾಷೆಯಲ್ಲಿ ‘ಹೆಕ್’ ಎಂದರೆ ವಾಹನದ ಹಿಂಭಾಗ. ನಿಮ್ಮ ಮೂರು ಪ್ರಶ್ನೆಗಳಲ್ಲಿ ಕೊನೆಯದೇ ನಿಜಕ್ಕೂ ಎಲ್ಲಕ್ಕಿಂತ ಮುಖ್ಯವಾದುದು. ಎಂಜಿನ್ ಹಿಂದಿದ್ದ ಮಾತ್ರಕ್ಕೆ ವಾಹನ ಕೆಡುವುದಿಲ್ಲ. ಯಾವ ಎಂಜಿನ್, ಎಷ್ಟು ಹಿಂದೆ, ಯಾವ ಬಗೆಯ ಚಕ್ರಗಳ ಮೇಲೆ ಎಂಬುದರಲ್ಲಿ ಈ ಕಾರಿನ ಕಥೆಯೆಲ್ಲ ಅಡಗಿದೆ. ಆದರೆ ಅಲ್ಲಿಗೆ ಬರುವ ಮೊದಲು, ಇಂಥದೊಂದು ಕಾರನ್ನು ಮಾಡಬೇಕೆಂದು ಆ ಕಂಪನಿಗೆ ಅನಿಸಿದ್ದಾದರೂ ಏಕೆ ಎಂಬುದನ್ನು ನೋಡಬೇಕು.

1929ರ ಆರ್ಥಿಕ ಕುಸಿತದ ನಂತರ ಜರ್ಮನಿಯಲ್ಲಿ ದೊಡ್ಡ, ದುಬಾರಿ ಕಾರುಗಳನ್ನು ಕೊಳ್ಳುವವರು ವಿರಳವಾದರು. ಡೈಮ್ಲರ್ ಮತ್ತು ಬೆಂಜ್ ಕಂಪನಿಗಳು 1926ರಲ್ಲಷ್ಟೇ ಒಂದಾಗಿದ್ದವು. ಆ ಹೊಸ ಕಂಪನಿಗೆ ತನ್ನ ಘನತೆಯನ್ನೂ ಬಿಡದೆ ಸಣ್ಣ ಕಾರನ್ನೂ ಮಾಡಬೇಕಾದ ಒತ್ತಡ ಬಂದಿತು. 1931ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅದು ಹೊರತಂದ ‘170’ ಈ ಒತ್ತಡದ ಮೊದಲ ಫಲ. 1.7 ಲೀಟರಿನ ಆರು ಸಿಲಿಂಡರ್ ಎಂಜಿನ್ ಮುಂದೆಯೇ ಇತ್ತಾದರೂ, ನಾಲ್ಕೂ ಚಕ್ರಗಳು ಒಂದಕ್ಕೊಂದು ಅಂಟಿಕೊಳ್ಳದೆ ತಮ್ಮ ತಮ್ಮ ಪಾಡಿಗೆ ಮೇಲೆ ಕೆಳಗೆ ಆಡುವ ವ್ಯವಸ್ಥೆ ಆ ಕಾರಿನಲ್ಲಿತ್ತು. ಕಲ್ಲುಹಾಸಿನ ಬೀದಿಗಳಲ್ಲಿ, ಗುಂಡಿ ಬಿದ್ದ ಹಳ್ಳಿಯ ರಸ್ತೆಗಳಲ್ಲಿ ಕಾರು ಕುಲುಕದೆ ಸಾಗುತ್ತಿತ್ತು. ಹದಿಮೂರು ಸಾವಿರಕ್ಕೂ ಹೆಚ್ಚು ‘170’ಗಳು ಮಾರಾಟವಾಗಿ ಕಂಪನಿ ಉಸಿರಾಡುವಂತಾಯಿತು. ಇದಕ್ಕಿಂತಲೂ ಚಿಕ್ಕದೊಂದು ಮರ್ಸಿಡಿಸ್ ಬೇಕೆಂಬ ಯೋಚನೆ ಅದೇ ಹೊತ್ತಿನಲ್ಲಿ ವಿನ್ಯಾಸ ವಿಭಾಗದಲ್ಲಿ ನಡೆದಿತ್ತು.

ಆ ವಿಭಾಗದ ಮುಖ್ಯಸ್ಥರು ಹಾನ್ಸ್ ನೀಬೆಲ್. ಅವರು ಬೆಂಜ್ ಕಂಪನಿಯ ಕಡೆಯಿಂದ ಬಂದವರು ಎಂಬುದನ್ನು ಇಲ್ಲಿ ನೆನಪಿಡಬೇಕು, ಏಕೆಂದರೆ ಎಂಜಿನ್ನನ್ನು ಚಾಲಕನ ಬೆನ್ನ ಹಿಂದಕ್ಕೆ ಸಾಗಿಸುವ ಆಲೋಚನೆ ಬೆಂಜ್ ಕಂಪನಿಗೆ ಹೊಸದಾಗಿರಲಿಲ್ಲ. 1921ರಲ್ಲಿ ಎಡ್ಮಂಡ್ ರುಂಪ್ಲರ್ ಎಂಬ ಎಂಜಿನಿಯರ್ ಬರ್ಲಿನ್ ಪ್ರದರ್ಶನದಲ್ಲಿ ನೀರಹನಿಯ ಆಕಾರದ ಕಾರೊಂದನ್ನು ನಿಲ್ಲಿಸಿ ನೋಡಿದವರನ್ನೆಲ್ಲ ಬೆರಗುಗೊಳಿಸಿದ್ದರು. ಆ ಆಲೋಚನೆಯನ್ನು ಬಳಸುವ ಹಕ್ಕನ್ನು ಪಡೆದ ಬೆಂಜ್, ಅದರಿಂದ ರೇಸಿನ ಕಾರೊಂದನ್ನೇ ಕಟ್ಟಿತು. 1923ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಮೋಂಜಾದಲ್ಲಿ ನಡೆದ ಯೂರೋಪಿಯನ್ ಗ್ರ್ಯಾನ್ ಪ್ರೀ ಸ್ಪರ್ಧೆಯಲ್ಲಿ ಆ ಕಾರುಗಳು ನಾಲ್ಕನೆಯ ಮತ್ತು ಐದನೆಯ ಸ್ಥಾನ ಗಳಿಸಿದವು. ಆದರೆ ಆ ರೇಸ್ ಕಾರಿನಲ್ಲಿ ಎಂಜಿನ್ ಇದ್ದುದು ಹಿಂದಿನ ಚಕ್ರಗಳ ಅಚ್ಚಿಗಿಂತ (ಆಕ್ಸಲ್) ಮುಂದೆ, ಅಂದರೆ ಕಾರಿನ ಸುಮಾರು ನಡುಭಾಗದಲ್ಲಿ. ಈ ಒಂದು ವಿವರವನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಂಡಿರಿ. ಮುಂದೆ ಮತ್ತೆ ಬೇಕಾಗುತ್ತದೆ.

ಇಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಹಿಂದಿನ ಎಂಜಿನ್, ಬೆನ್ನೆಲುಬಿನಂಥ ಒಂದೇ ಕೊಳವೆಯ ಚಾಸಿ (ಕಾರಿನ ಅಡಿಗಟ್ಟು) ಮತ್ತು ಸ್ವತಂತ್ರವಾಗಿ ಆಡುವ ಚಕ್ರಗಳು, ಈ ಮೂರೂ ಸೇರಿದರೆ ಸಾಮಾನ್ಯರ ಕಾರು ಸಾಧ್ಯ ಎಂದು ಗಟ್ಟಿಯಾಗಿ ವಾದಿಸುತ್ತಿದ್ದವರು ಯೋಸೆಫ್ ಗಾಂಟ್ಸ್. ಅವರು ‘ಮೋಟರ್-ಕ್ರಿಟೀಕ್’ ಎಂಬ ಪತ್ರಿಕೆಯ ಸಂಪಾದಕರು, ಸ್ವತಃ ಎಂಜಿನಿಯರ್. ಜರ್ಮನಿಯ ಕಾರು ಕಂಪನಿಗಳು ಹಳೆಯ ಜಾಡಿನಲ್ಲೇ ಭಾರವಾದ ಕಾರುಗಳನ್ನು ಮಾಡುತ್ತಿವೆ ಎಂದು ಅವರು ಸಂಚಿಕೆಯಿಂದ ಸಂಚಿಕೆಗೆ ಟೀಕಿಸುತ್ತಿದ್ದರು. 1931ರಲ್ಲಿ ಫ್ರಾಂಕ್‌ಫರ್ಟ್‌ನ ಆಡ್ಲರ್ ಕಂಪನಿಯಲ್ಲಿ ತಮ್ಮ ವಾದವನ್ನು ಕಬ್ಬಿಣದಲ್ಲಿ ಮಾಡಿ ತೋರಿಸಿದರು. ಆ ಪುಟ್ಟ ಕಾರಿಗೆ ಅವರಿಟ್ಟ ಹೆಸರು ‘ಮೈಕೇಫರ್’, ಅಂದರೆ ವಸಂತಕಾಲದಲ್ಲಿ ಕಾಣಿಸಿಕೊಳ್ಳುವ ಒಂದು ಜೀರುಂಡೆ. ಅದೇ ವರ್ಷ ಡೈಮ್ಲರ್-ಬೆಂಜ್ ಅವರನ್ನು ಸಲಹೆಗಾರರನ್ನಾಗಿ ತೆಗೆದುಕೊಂಡಿತು. ಗಾಂಟ್ಸ್ ಯಹೂದಿಯಾಗಿದ್ದರು. 1933ರ ಮೇ ತಿಂಗಳಲ್ಲಿ ನಾಜಿಗಳ ರಹಸ್ಯ ಪೊಲೀಸ್ ಪಡೆಯಾದ ಗೆಸ್ಟಾಪೊ ಅವರನ್ನು ಬಂಧಿಸಿತು. ಬಿಡುಗಡೆಯ ನಂತರ 1934ರಲ್ಲಿ ಅವರು ದೇಶ ಬಿಟ್ಟು ಹೋಗಬೇಕಾಯಿತು. ‘130’ ಕಾರು ಬರ್ಲಿನ್ ಪ್ರದರ್ಶನದ ದೀಪಗಳ ಕೆಳಗೆ ನಿಂತ ವರ್ಷವೇ, ಅಂಥ ಕಾರಿಗಾಗಿ ಎಲ್ಲರಿಗಿಂತ ಹೆಚ್ಚು ಬರೆದ ಮನುಷ್ಯ ತನ್ನ ಸಂಪಾದಕ ಹುದ್ದೆಯನ್ನೂ ನಾಡನ್ನೂ ಕಳೆದುಕೊಂಡಿದ್ದರು. 1967ರಲ್ಲಿ ಅವರು ದೂರದ ಆಸ್ಟ್ರೇಲಿಯದಲ್ಲಿ ತೀರಿಕೊಂಡರು. ಈ ಕಾರಿನ ಬಗ್ಗೆ ಬರೆಯುವಾಗ ಅವರ ಹೆಸರನ್ನು ಬಿಟ್ಟು ಮುಂದೆ ಹೋಗುವುದು ನನ್ನಿಂದಾಗುವುದಿಲ್ಲ.

ಎಂಜಿನ್ ಹಿಂದಿಟ್ಟರೆ ಸಿಗುವ ಲಾಭಗಳು ಕಲ್ಪನೆಯವಲ್ಲ. ಮುಂದಿನ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯಲು ಕಾರಿನ ಹೊಟ್ಟೆಯ ಕೆಳಗೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಬೇಕಾಗುತ್ತದೆ. ಅದು ಹೋದರೆ ತೂಕ ಇಳಿಯುತ್ತದೆ, ತಗ್ಗಾದ ನೆಲಹಾಸು ಸಾಧ್ಯವಾಗುತ್ತದೆ. ಶಾಖ ಮತ್ತು ಎಣ್ಣೆಯ ವಾಸನೆ ಪ್ರಯಾಣಿಕರ ಹಿಂದೆ ಉಳಿಯುತ್ತವೆ. ಆಸನಗಳನ್ನು ಎರಡು ಅಚ್ಚುಗಳ ನಡುವೆ, ಕುಲುಕಾಟ ಕಡಿಮೆಯಿರುವಲ್ಲಿ ಜೋಡಿಸಬಹುದು. ಮೂತಿಯನ್ನು ಗಾಳಿ ಸೀಳಿಕೊಂಡು ಹೋಗುವಂತೆ ಇಳಿಜಾರಾಗಿಸಬಹುದು. 1931ರಲ್ಲೇ ಡೈಮ್ಲರ್-ಬೆಂಜ್ ‘120’ ಎಂಬ ಪ್ರಾಯೋಗಿಕ ಕಾರಿನಲ್ಲಿ 1.2 ಲೀಟರಿನ, ಸಿಲಿಂಡರ್‌ಗಳು ಅಡ್ಡ ಮಲಗಿ ಎದುರುಬದುರಾಗಿರುವ ಬಾಕ್ಸರ್ ಎಂಜಿನ್ನನ್ನು ಹಿಂಭಾಗದಲ್ಲಿ ಇಟ್ಟು ಓಡಿಸಿ ನೋಡಿತ್ತು. ಆದರೆ ಮಾರುಕಟ್ಟೆಗೆ ಬಂದ ‘130’ರಲ್ಲಿ ಇದ್ದದ್ದು ಬೇರೆಯದೇ ಎಂಜಿನ್: ನಾಲ್ಕು ಸಿಲಿಂಡರ್‌ಗಳು ಒಂದರ ಹಿಂದೊಂದು ಸಾಲಾಗಿ ನಿಂತ, ನೀರಿನಿಂದ ತಂಪಾಗುವ, ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿರುವ ಹಳೆಯ ನಂಬುಗೆಯ ಬಗೆಯದು. ಗಾತ್ರ 1,308 ಘನ ಸೆಂಟಿಮೀಟರ್, ಶಕ್ತಿ 26 ಅಶ್ವಶಕ್ತಿ, ಕಾರಿನ ಗರಿಷ್ಠ ವೇಗ ಗಂಟೆಗೆ 92 ಕಿಲೋಮೀಟರ್.

ಚಾಸಿ ಎಂಬುದು ಇಲ್ಲಿ ನಡುವಿನಲ್ಲಿ ಹಾದುಹೋಗುವ ಒಂದು ದಪ್ಪ ಕೊಳವೆ. ಹಿಂದಕ್ಕೆ ಬಂದಾಗ ಅದು ಕವೆಗೋಲಿನಂತೆ ಎರಡಾಗಿ ಸೀಳಿ ಎಂಜಿನ್ನನ್ನು ಅಪ್ಪಿಕೊಳ್ಳುತ್ತದೆ. ಗೇರ್‌ಬಾಕ್ಸ್ ಹಿಂದಿನ ಅಚ್ಚಿನ ಮುಂದೆ, ಎಂಜಿನ್ ಅಚ್ಚಿನ ಹಿಂದೆ. ಮುಂದಿನ ಚಕ್ರಗಳನ್ನು ಅಡ್ಡಲಾಗಿ ಹಾಸಿದ ಎರಡು ಪಟ್ಟಿ ಸ್ಪ್ರಿಂಗ್‌ಗಳು ಹಿಡಿದಿದ್ದರೆ, ಹಿಂದೆ ಸುರುಳಿ ಸ್ಪ್ರಿಂಗ್‌ಗಳ ಜೊತೆಗೆ ‘ಸ್ವಿಂಗ್ ಆಕ್ಸಲ್’ ಎಂಬ ತೂಗಾಡುವ ಅರೆ-ಅಚ್ಚುಗಳಿದ್ದವು. ಮೂರು ಗೇರುಗಳ ಮೇಲೆ, ಕ್ಲಚ್ ಒತ್ತದೆಯೇ ಹಾಕಬಹುದಾದ ನಾಲ್ಕನೆಯ ವೇಗದ ಗೇರೊಂದು ಇತ್ತು. ಫ್ರಾಂಕ್‌ಫರ್ಟ್ ಮತ್ತು ಡಾರ್ಮ್‌ಸ್ಟಾಟ್ ನಡುವಿನ ಹೊಸ ಆಟೊಬಾನ್ ಹೆದ್ದಾರಿ 1935ರ ಮೇ ತಿಂಗಳಲ್ಲಿ ತೆರೆಯಲಿದ್ದ ಕಾಲದಲ್ಲಿ, ಎಂಜಿನ್ನನ್ನು ಏದುಸಿರು ಬಿಡಿಸದೆ ದೂರ ಓಡಿಸಲು ಅಂಥ ಗೇರು ಬಹಳ ಉಪಯುಕ್ತವೇ ಆಗಿತ್ತು. ಕೆಟ್ಟ ರಸ್ತೆಯಲ್ಲಿ ನೇರವಾಗಿ ಹೋಗುವಾಗ ಈ ಪುಟ್ಟ ಕಾರು ತನಗಿಂತ ದೊಡ್ಡ ಕಾರುಗಳನ್ನು ನಾಚಿಸುವಷ್ಟು ಮೃದುವಾಗಿ ಸಾಗುತ್ತಿತ್ತು. ತಿರುವು ಬಂದಾಗ ಮಾತ್ರ ಅದರ ಸ್ವಭಾವ ಬದಲಾಗುತ್ತಿತ್ತು.

ಇನ್ನು ತೊಂದರೆಯ ಬೇರಿಗೆ ಬರೋಣ. ಎತ್ತಿನ ಗಾಡಿಗೆ ಹೇರು ಹೇರುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮೂಟೆಗಳನ್ನು ಅಚ್ಚಿಗಿಂತ ಹಿಂದಕ್ಕೆ ಹೆಚ್ಚಾಗಿ ಒಟ್ಟಿದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲ ಮೇಲೆ ಕೂರುವುದಿಲ್ಲ, ಗಾಡಿ ಹೇಳಿದಂತೆ ಕೇಳುವುದಿಲ್ಲ. ‘130’ರ ಎರಡು ಅಚ್ಚುಗಳ ನಡುವಿನ ಅಂತರ ಎರಡೂವರೆ ಮೀಟರ್, ಸಾಲು ಸಿಲಿಂಡರಿನ ಉದ್ದನೆಯ, ಭಾರದ ಎಂಜಿನ್ ಹಿಂದಿನ ಅಚ್ಚಿನಿಂದಾಚೆಗೆ ಜೋತುಬಿದ್ದಿತ್ತು. ಹಾಗಾಗಿ ಕಾರಿನ ಒಟ್ಟು ತೂಕದಲ್ಲಿ ಸುಮಾರು ಮೂರನೇ ಎರಡು ಪಾಲು ಹಿಂದಿನ ಚಕ್ರಗಳ ಮೇಲೆ ಬೀಳುತ್ತಿತ್ತು. ಹಗುರಾದ ಮೂತಿಯನ್ನು ಅಡ್ಡಗಾಳಿ ಸುಲಭವಾಗಿ ಪಕ್ಕಕ್ಕೆ ತಳ್ಳುತ್ತಿತ್ತು. ತಿರುವಿನಲ್ಲಿ ಹೊರಕ್ಕೆ ಎಳೆಯುವ ಬಲ ತೂಕ ಎಲ್ಲಿದೆಯೋ ಅಲ್ಲೇ ಹೆಚ್ಚಾಗಿ ಕೆಲಸ ಮಾಡುವುದರಿಂದ, ಹಿಂದಿನ ಟೈರುಗಳು ಮುಂದಿನವಕ್ಕಿಂತ ಬಹಳ ಮೊದಲೇ ಹಿಡಿತದ ಅಂಚಿಗೆ ಬರುತ್ತಿದ್ದವು. ಚಾಲಕ ತಿರುಗಿಸಿದ್ದಕ್ಕಿಂತ ಹೆಚ್ಚಾಗಿ ಕಾರು ತಿರುಗುವುದನ್ನು ಎಂಜಿನಿಯರುಗಳು ‘ಓವರ್‌ಸ್ಟಿಯರ್’ ಎನ್ನುತ್ತಾರೆ. ಸರಳವಾಗಿ ಹೇಳಿದರೆ, ಬಾಲ ಮುಂದೆ ಬಂದು ತಲೆಯನ್ನು ಹಿಂದಿಕ್ಕಲು ಹೊರಡುತ್ತದೆ.

ಹಿಂದಿನ ಭಾರವೊಂದೇ ಆಗಿದ್ದರೆ ಚಾಲಕರು ಒಗ್ಗಿಕೊಳ್ಳುತ್ತಿದ್ದರೇನೋ. ಆ ಭಾರದ ಜೊತೆಗೆ ಸ್ವಿಂಗ್ ಆಕ್ಸಲ್ ಸೇರಿದ್ದೇ ದೊಡ್ಡ ಪೇಚು. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಬೆಂಕಿಪೊಟ್ಟಣದ ಎಡಬಲಗಳಿಗೆ ಎರಡು ಕಡ್ಡಿಗಳನ್ನು, ಬಾಗಿಲಿನ ತಿರುಗಣಿಯಂತೆ ಮೇಲೆ ಕೆಳಗೆ ಆಡುವ ಹಾಗೆ ಸಡಿಲವಾಗಿ ದಾರದಿಂದ ಕಟ್ಟಿ. ಪ್ರತಿ ಕಡ್ಡಿಯ ಹೊರತುದಿಗೆ ಒಂದೊಂದು ನಾಣ್ಯವನ್ನು ಚಕ್ರದಂತೆ ನೆಟ್ಟಗೆ ಅಂಟಿಸಿ. ಪೊಟ್ಟಣವೇ ಕಾರಿನ ಒಡಲು, ಕಡ್ಡಿಗಳೇ ಅರೆ-ಅಚ್ಚುಗಳು. ನಾಣ್ಯಗಳು ಮೇಜಿನ ಮೇಲೆ ನಿಂತಿರುವಾಗ ಪೊಟ್ಟಣವನ್ನು ಕೆಳಕ್ಕೆ ಒತ್ತಿದರೆ ನಾಣ್ಯಗಳ ಬುಡ ಹೊರಕ್ಕೆ ಸರಿದು ನಿಲುವು ಅಗಲವಾಗುತ್ತದೆ, ಭದ್ರವಾಗುತ್ತದೆ. ಈಗ ಪೊಟ್ಟಣವನ್ನು ನಿಧಾನವಾಗಿ ಮೇಲೆತ್ತಿ. ಕಡ್ಡಿಗಳು ಜೋಲುತ್ತವೆ, ನಾಣ್ಯಗಳ ಬುಡ ಒಳಕ್ಕೆ ಸರಿಯುತ್ತದೆ, ತಲೆ ಹೊರಕ್ಕೆ ವಾಲುತ್ತದೆ. ಇಡೀ ಗೊಂಬೆ ತುದಿಗಾಲಿನ ಮೇಲೆ ನಿಂತಂತೆ ಕಾಣುತ್ತದೆ. ಟೈರಿನ ಅಗಲದಲ್ಲಿ ಅಂಚಿನ ಒಂದು ಗೆರೆಯಷ್ಟೇ ನೆಲವನ್ನು ಹಿಡಿದಿರುವ ಸ್ಥಿತಿ ಇದು.

ರಸ್ತೆಯಲ್ಲಿ ಪೊಟ್ಟಣವನ್ನು ಮೇಲೆತ್ತುವವರು ಯಾರು ಎಂದು ನೀವು ಕೇಳಬಹುದು. ತಿರುವೇ ಎತ್ತುತ್ತದೆ. ಮಳೆಯಲ್ಲಿ ನೆನೆದ ಕಲ್ಲುಹಾಸಿನ ಬೀದಿಯಲ್ಲಿ ಕಾರು ಗಂಟೆಗೆ ಐವತ್ತು ಅರುವತ್ತು ಕಿಲೋಮೀಟರ್ ವೇಗದಲ್ಲಿ ಬಲಕ್ಕೆ ತಿರುಗುತ್ತಿದೆ ಎಂದುಕೊಳ್ಳಿ. ಭಾರವೆಲ್ಲ ಎಡಬದಿಯ ಹಿಂದಿನ ಚಕ್ರದ ಮೇಲೆ ಬಂದು ಕೂರುತ್ತದೆ. ನೆಲವು ಆ ಚಕ್ರದ ಬುಡವನ್ನು ಒಳಕ್ಕೆ ತಳ್ಳುತ್ತದೆ. ಅರೆ-ಅಚ್ಚಿನ ತಿರುಗಣಿ ನೆಲಕ್ಕಿಂತ ಎತ್ತರದಲ್ಲಿರುವುದರಿಂದ ಆ ತಳ್ಳುವಿಕೆ ಕಾರಿನ ಹಿಂಭಾಗವನ್ನು ಸನ್ನೆಗೋಲಿನಂತೆ ಮೇಲೆತ್ತಲು ನೋಡುತ್ತದೆ. ತಿರುವು ತಾನೆಣಿಸಿದ್ದಕ್ಕಿಂತ ಕಡಿದಾಗಿದೆ ಎಂದು ಆ ಕ್ಷಣದಲ್ಲಿ ಚಾಲಕನಿಗೆ ಅನಿಸುತ್ತದೆ, ಸಹಜವಾಗಿಯೇ ಆತ ಆಕ್ಸಲರೇಟರ್ ಮೇಲಿನ ಕಾಲನ್ನು ತೆಗೆಯುತ್ತಾನೆ. ತೂಕ ಮುಂದಕ್ಕೆ ವಾಲುತ್ತದೆ, ಹಿಂಭಾಗ ಇನ್ನಷ್ಟು ಏಳುತ್ತದೆ, ಹೊರಚಕ್ರ ಒಳಕ್ಕೆ ಮಡಿಚಿಕೊಳ್ಳುತ್ತದೆ, ಇದ್ದ ಅಲ್ಪ ಹಿಡಿತವೂ ತಪ್ಪುತ್ತದೆ. ಮುಂದಿನ ಎಂಜಿನ್ನಿನ ಕಾರಿನಲ್ಲಿ ಜೀವ ಉಳಿಸುವ ಅಭ್ಯಾಸವೊಂದು ಈ ಕಾರಿನಲ್ಲಿ ಅಪಾಯವನ್ನು ಹೆಚ್ಚಿಸುತ್ತದೆ. ನನ್ನ ಮಟ್ಟಿಗೆ ‘130’ರ ಮೇಲಿನ ಅತ್ಯಂತ ಗಂಭೀರ ಆಕ್ಷೇಪವೆಂದರೆ ಇದೇ. ಒಂದು ಕಾರು ನಿಧಾನವಾಗಿರಬಹುದು, ಇಕ್ಕಟ್ಟಾಗಿರಬಹುದು. ಆದರೆ ಹೆದರಿದ ಮನುಷ್ಯ ಸಹಜವಾಗಿ ಮಾಡುವ ಕೆಲಸವೇ ಅವನಿಗೆ ತಿರುಗಿಬೀಳುವಂತೆ ಇರಬಾರದು.

ಈಗ ನಿಮ್ಮ ಐರಾವತ ಬಸ್ಸಿನ ಪ್ರಶ್ನೆಗೆ ಉತ್ತರಿಸುವುದು ಸುಲಭ. ಆ ವೋಲ್ವೊ ಬಸ್ಸುಗಳಲ್ಲೂ ಎಂಜಿನ್ ಹಿಂದಿನ ಅಚ್ಚಿನ ಆಚೆಗಿದೆ, ಹಿಂದಿನ ಚಕ್ರಗಳ ಮೇಲೆ ಬಹಳ ಭಾರವೂ ಬೀಳುತ್ತದೆ. ಆದರೆ ಚಾಲಕನ ಸ್ಥಾನ ಮತ್ತು ಬಾಗಿಲು ಮುಂದಿನ ಅಚ್ಚಿಗಿಂತಲೂ ಮುಂದೆ ಚಾಚಿಕೊಂಡಿವೆ. ಪ್ರಯಾಣಿಕರು ಉದ್ದಕ್ಕೂ ಹರಡಿ ಕೂರುತ್ತಾರೆ. ಅಚ್ಚುಗಳ ನಡುವಿನ ಅಂತರ ಕಾರಿಗಿಂತ ಎಷ್ಟೋ ಹೆಚ್ಚು, ಹಾಗಾಗಿ ಬಾಲ ಬೀಸಿದರೂ ನಿಧಾನವಾಗಿ ಬೀಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಅಚ್ಚು ಒಂದೇ ತುಂಡಿನ ಗಟ್ಟಿ ಅಚ್ಚು. ಗಾಳಿ ತುಂಬಿದ ಚೀಲಗಳ ಮೇಲೆ ಬಸ್ಸು ಎಷ್ಟೇ ಏಳಲಿ ಇಳಿಯಲಿ, ಚಕ್ರಗಳು ನೆಲಕ್ಕೆ ನೆಟ್ಟಗೇ ನಿಂತಿರುತ್ತವೆ. ಬೆಂಕಿಪೊಟ್ಟಣದ ನಾಣ್ಯಗಳಂತೆ ಅವು ಮಡಿಚಿಕೊಳ್ಳುವುದಿಲ್ಲ. ಎಂಜಿನ್ ಇರುವ ಜಾಗ ಎರಡರಲ್ಲೂ ಒಂದೇ, ವ್ಯತ್ಯಾಸವೆಲ್ಲ ಉಳಿದದ್ದರಲ್ಲಿದೆ.

ಡೈಮ್ಲರ್-ಬೆಂಜ್ ಎಂಜಿನಿಯರುಗಳಿಗೆ ಇದು ತಿಳಿದಿರಲಿಲ್ಲ ಎಂದು ಭಾವಿಸಬಾರದು. ‘130’ ಹೊರಬಂದ 1934ರಲ್ಲೇ ಅವರು ‘150’ ಎಂಬ ಕ್ರೀಡಾ ಮಾದರಿಯನ್ನು ಕಟ್ಟಿದರು. ಅದರ ಒಂದೂವರೆ ಲೀಟರಿನ ಎಂಜಿನ್ 55 ಅಶ್ವಶಕ್ತಿ ಕೊಡುತ್ತಿತ್ತು, ಮತ್ತು ಅದನ್ನು ಹಿಂದಿನ ಅಚ್ಚಿನ ಮುಂದಕ್ಕೆ ತಂದಿದ್ದರು. ಮೋಂಜಾದ ರೇಸ್ ಕಾರಿನಲ್ಲಿ ಇದ್ದಂತೆಯೇ. ಆ ವರ್ಷದ ಜುಲೈನಲ್ಲಿ ಜರ್ಮನಿಯ ಉದ್ದಗಲಕ್ಕೆ ನಡೆದ 2,000 ಕಿಲೋಮೀಟರ್ ಓಟದಲ್ಲಿ ಆ ಕಾರುಗಳು ಭಾಗವಹಿಸಿದವು. ತೂಕ ನಡುವಿಗೆ ಬಂದರೆ ಕಾರು ಹೇಗೆ ಹಿಡಿತಕ್ಕೆ ಬರುತ್ತದೆ ಎಂಬುದು ಹೀಗೆ ಅವರ ಕೈಯಲ್ಲೇ ಇತ್ತು. ಆದರೆ ಎಂಜಿನ್ ಮುಂದಕ್ಕೆ ಬಂದರೆ ಹಿಂದಿನ ಆಸನಕ್ಕೆ ಜಾಗವಿಲ್ಲ. ನಾಲ್ಕು ಜನ ಕೂರಬೇಕಾದ ಸಲೂನ್ ಕಾರಿನಲ್ಲಿ ಆ ಪರಿಹಾರ ನಡೆಯುವುದಿಲ್ಲ. ‘150’ ಬೆರಳೆಣಿಕೆಯಷ್ಟೇ ತಯಾರಾಗಿ ನಿಂತಿತು. 1934ರ ನವೆಂಬರ್‌ನಲ್ಲಿ ನೀಬೆಲ್ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ಹಿಂದಿನ ಎಂಜಿನ್ನಿನ ಕಾರಿಗೆ ಕಂಪನಿಯೊಳಗಿದ್ದ ಬಲವಾದ ಆಸರೆಯೊಂದು ಅಲ್ಲಿಗೆ ಹೋಯಿತು.

ಬೆಲೆಯೂ ಅದರ ಕೈಹಿಡಿಯಲಿಲ್ಲ. ‘130’ ಸಲೂನಿನ ಬೆಲೆ ಆಗಿನ ಜರ್ಮನ್ ಹಣದಲ್ಲಿ 3,425 ರೈಷ್‌ಮಾರ್ಕ್. 1935ರಲ್ಲಿ ಓಪೆಲ್ ಕಂಪನಿ ಹೊರತಂದ ‘ಒಲಿಂಪಿಯ’ ಕಾರಿನ ಎಂಜಿನ್ ಹೆಚ್ಚುಕಡಿಮೆ ಇದೇ ಗಾತ್ರದ್ದು, 24 ಅಶ್ವಶಕ್ತಿಯದು. ಒಡಲು ಮತ್ತು ಚಾಸಿ ಒಂದೇ ಆಗಿದ್ದ ಉಕ್ಕಿನ ಆಧುನಿಕ ರಚನೆ. ಬೆಲೆ ಮಾತ್ರ 2,500 ರೈಷ್‌ಮಾರ್ಕ್. ಅದೇ ಕಂಪನಿಯ ‘ಪಿ 4’ ಎಂಬ ಸರಳ ಕಾರು 1936ರ ಹೊತ್ತಿಗೆ 1,450ಕ್ಕೇ ಸಿಗುತ್ತಿತ್ತು. ಹೀಗಿರುವಾಗ ‘130’ ಯಾರಿಗಾಗಿ? ಅಗ್ಗದ ಕಾರು ಬೇಕೆಂದವರು ಅದರ ಬೆಲೆ ಕೇಳಿ ಓಪೆಲ್ ಅಂಗಡಿಗೆ ಹೋದರು. ಮರ್ಸಿಡಿಸ್ ಬೇಕೆಂದವರಿಗೆ, ಮರ್ಸಿಡಿಸ್ ಎಂದು ದೂರದಿಂದಲೇ ಹೇಳುವ ಎತ್ತರದ ರೇಡಿಯೇಟರ್ ಈ ಕಾರಿನ ಮೂತಿಯಲ್ಲಿ ಕಾಣಲಿಲ್ಲ. ಆ ಕಾಲದಲ್ಲಿ ರೇಡಿಯೇಟರ್ ಎಂದರೆ ಮನೆತನದ ಮುದ್ರೆಯಿದ್ದಂತೆ. ಅದಿಲ್ಲದ ಮೂತಿಗೆ ಕೊಳ್ಳುವವರ ಕಣ್ಣು ಒಗ್ಗಲಿಲ್ಲ.

1936ರ ಫೆಬ್ರವರಿಯ ಬರ್ಲಿನ್ ಪ್ರದರ್ಶನದಲ್ಲಿ ಕಂಪನಿ ಮಾಡಿದ್ದನ್ನು ನಾನು ಬಹಳ ಪ್ರಾಮಾಣಿಕವಾದ ನಡೆಯೆಂದು ಪರಿಗಣಿಸುತ್ತೇನೆ. ಅಲ್ಲಿ ಅದು ಒಂದೇ 1.7 ಲೀಟರಿನ, 38 ಅಶ್ವಶಕ್ತಿಯ, ನಾಲ್ಕು ಸಿಲಿಂಡರಿನ ಎಂಜಿನ್ನನ್ನು ಎರಡು ಕಾರುಗಳಲ್ಲಿಟ್ಟು ಅಕ್ಕಪಕ್ಕ ನಿಲ್ಲಿಸಿತು. ‘170 ವಿ’ಯಲ್ಲಿ ಎಂಜಿನ್ ಮುಂದೆ, ‘170 ಎಚ್’ನಲ್ಲಿ ಹಿಂದೆ. ‘ಎಚ್’ ಎಂಬುದು ‘130’ರ ನೇರ ಉತ್ತರಾಧಿಕಾರಿ: ಉದ್ದ ಸ್ವಲ್ಪ ಹೆಚ್ಚಿತ್ತು, ಒಳಗಿನ ಸಜ್ಜು ಚೆನ್ನಾಗಿತ್ತು, ವೇಗ ಗಂಟೆಗೆ 110 ಕಿಲೋಮೀಟರಿನವರೆಗೆ ಹೋಗುತ್ತಿತ್ತು. ಬೆಲೆ 4,350 ರೈಷ್‌ಮಾರ್ಕ್. ‘ವಿ’ಯ ಬೆಲೆ 3,750, ಆರುನೂರು ಕಡಿಮೆ. ಪ್ರೊಪೆಲ್ಲರ್ ಶಾಫ್ಟ್ ಇಲ್ಲದ ಕಾರು ಅಗ್ಗವಾಗುತ್ತದೆ ಎಂಬ ಮೂಲ ವಾದವೇ ಇಲ್ಲಿ ತಲೆಕೆಳಗಾಗಿತ್ತು. ‘ವಿ’ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ಎರಡೇ ಬಿಂದುಗಳಲ್ಲಿ ಕೂರಿಸಿದ್ದರಿಂದ ಅದರ ಅದುರು ಕಾರಿನೊಳಕ್ಕೆ ಬರುತ್ತಿರಲಿಲ್ಲ; ‘ಎಚ್’ನಲ್ಲಿ ಗದ್ದಲ ಹೆಚ್ಚು, ಸಾಮಾನು ಇಡಲು ಜಾಗ ಕಡಿಮೆ, ತಿರುವಿನಲ್ಲಿ ಹಳೆಯ ಚಾಳಿ ಪೂರ್ತಿ ಹೋಗಿರಲಿಲ್ಲ. ಜನ ತಮ್ಮ ತೀರ್ಪನ್ನು ಹಣದ ಮೂಲಕ ಹೇಳಿದರು. 1939ರವರೆಗೆ ತಯಾರಾದ ‘170 ಎಚ್’ಗಳು 1,507, ‘170 ವಿ’ ಯುದ್ಧದ ನಡುವೆ ನಿಲ್ಲುವ ಹೊತ್ತಿಗೆ ಎಪ್ಪತ್ತು ಸಾವಿರ ದಾಟಿತ್ತು, ಯುದ್ಧ ಮುಗಿದ ಮೇಲೆ ಕಂಪನಿ ಮತ್ತೆ ಎದ್ದು ನಿಂತದ್ದೂ ಅದೇ ಕಾರಿನ ಬಲದಿಂದ.

ಸ್ವಿಂಗ್ ಆಕ್ಸಲ್ಲನ್ನೇ ಕಂಪನಿ ಬಿಟ್ಟುಬಿಟ್ಟಿತು ಎಂದು ಮಾತ್ರ ತಿಳಿಯಬೇಡಿ. ‘170 ವಿ’ಯಲ್ಲೂ ಅದೇ ಇತ್ತು, ಆದರೆ ಭಾರ ಮುಂದಕ್ಕೆ ಹಂಚಿಹೋಗಿದ್ದರಿಂದ ಅದರ ಕೆಡುಕು ಹೊರಬರುತ್ತಿರಲಿಲ್ಲ. ರೇಸಿನ ವೇಗದಲ್ಲಿ ಅದೂ ಸಾಲದಾಯಿತು. 1934ರ ಪ್ರಸಿದ್ಧ ಡಬ್ಲ್ಯೂ 25 ರೇಸ್ ಕಾರಿನಲ್ಲಿದ್ದ ಸ್ವಿಂಗ್ ಆಕ್ಸಲ್ಲನ್ನು ತೆಗೆದು, 1937ರ ಡಬ್ಲ್ಯೂ 125ರಲ್ಲಿ ಚಕ್ರಗಳನ್ನು ಸದಾ ನೆಟ್ಟಗಿರಿಸುವ ‘ದ ದಿಯೋನ್’ ಮಾದರಿಯ ಅಚ್ಚನ್ನು ಅಳವಡಿಸಿದರು. 1954ರ ‘220’ ಕಾರಿನಲ್ಲಿ ಎರಡು ತಿರುಗಣಿಗಳ ಬದಲು ನೆಲಕ್ಕೆ ಹತ್ತಿರವಾದ ಒಂದೇ ತಿರುಗಣಿ ಇಟ್ಟು, ಒಡಲು ಏಳುವ ಚಾಳಿಯನ್ನು ತಗ್ಗಿಸಿದರು. ಬೆಂಕಿಪೊಟ್ಟಣದ ಪಾಠವನ್ನು ಅವರು ಹೀಗೆ ಕಂತು ಕಂತಾಗಿ ಜಾರಿಗೆ ತಂದರು.

ಇನ್ನು ಬೀಟಲ್. ಅದು ‘130’ರ ನಕಲಲ್ಲ, ಆದರೆ ಅಪರಿಚಿತವೂ ಅಲ್ಲ. ಬೀಟಲ್ಲನ್ನು ರೂಪಿಸಿದ ಫರ್ಡಿನಾಂಡ್ ಪೋರ್ಷೆ 1928ರ ಕೊನೆಯವರೆಗೆ ಡೈಮ್ಲರ್-ಬೆಂಜ್‌ನಲ್ಲೇ ಇದ್ದವರು. ‘130’ ಬೀದಿಗಿಳಿಯುವ ಮೊದಲೇ ಅವರು ತ್ಸುಂಡಾಪ್ ಮತ್ತು ಎನ್‌ಎಸ್‌ಯು ಕಂಪನಿಗಳಿಗೆ ಹಿಂದಿನ ಎಂಜಿನ್ನಿನ ಪ್ರಾಯೋಗಿಕ ಕಾರುಗಳನ್ನು ಮಾಡಿಕೊಟ್ಟಿದ್ದರು. ಅದೇ 1934ರ ಮಾರ್ಚ್‌ನಲ್ಲಿ ಚೆಕೊಸ್ಲೊವಾಕಿಯದ ಟಾಟ್ರ ಕಂಪನಿ, ಹಾನ್ಸ್ ಲೆಡ್ವಿಂಕಾ ಅವರ ನೇತೃತ್ವದಲ್ಲಿ, ಹಿಂದೆ ವಿ-8 ಎಂಜಿನ್ ಇರುವ ‘77’ ಕಾರನ್ನು ತೋರಿಸಿತು. ಒಂದೇ ಊರಿನ ಬಾವಿಗಳಲ್ಲಿ ಒಂದೇ ಕಾಲಕ್ಕೆ ನೀರು ಏರಿದಂತೆ ಮಧ್ಯ ಯೂರೋಪಿನ ಹಲವು ಕಾರ್ಖಾನೆಗಳಲ್ಲಿ ಈ ಆಲೋಚನೆ ಒಟ್ಟಿಗೆ ಮೇಲೆ ಬಂದಿತ್ತು. ಮೂತಿಯ ಇಳಿಜಾರು ಒಂದರಂತೆ ಇನ್ನೊಂದು ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಬೀಟಲ್ ಎನಿಸಿದ ‘ಜನರ ಕಾರಿನ’ ವಿನ್ಯಾಸಕ್ಕಾಗಿ ಪೋರ್ಷೆಯವರೊಂದಿಗೆ ಅಧಿಕೃತ ಒಪ್ಪಂದವಾದದ್ದು 1934ರ ಜೂನ್‌ನಲ್ಲಿ. 1937ರಲ್ಲಿ ಅದರ ಮೂವತ್ತು ಪರೀಕ್ಷಾ ಕಾರುಗಳನ್ನು ಕಟ್ಟಿಕೊಟ್ಟದ್ದು ಡೈಮ್ಲರ್-ಬೆಂಜ್ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ತಾನು ಸೋತ ಪರೀಕ್ಷೆಯಲ್ಲಿ ಇನ್ನೊಬ್ಬರು ಗೆಲ್ಲುವುದಕ್ಕೆ ಆ ಕಂಪನಿಯ ಕೆಲಸಗಾರರೇ ಕೈಗೂಡಿಸಿದ್ದರು.

ಬೀಟಲ್ ಗೆದ್ದದ್ದೇಕೆ ಎಂದರೆ ಅದರ ಎಂಜಿನ್ನನ್ನು ನೋಡಬೇಕು. ಗಾಳಿಯಿಂದ ತಂಪಾಗುವುದರಿಂದ ನೀರಿಲ್ಲ, ರೇಡಿಯೇಟರ್ ಇಲ್ಲ. ಕವಚ ಹಗುರ ಲೋಹದ್ದು. ಸಿಲಿಂಡರ್‌ಗಳು ಎರಡೆರಡಾಗಿ ಅಡ್ಡ ಮಲಗಿರುವುದರಿಂದ ಅದು ಗಿಡ್ಡ, ತಗ್ಗು. ಅಚ್ಚಿನ ಹಿಂದೆ ಜೋತುಬೀಳುವ ಭಾರವೂ ಕಡಿಮೆ, ಅದು ಚಾಚುವ ದೂರವೂ ಕಡಿಮೆ. ಸ್ವಿಂಗ್ ಆಕ್ಸಲ್ ಅದರಲ್ಲೂ ಇತ್ತು, ಬಾಲ ಬೀಸುವ ಗುಣವೂ ಇತ್ತು; ಆದರೆ ಸಾಮಾನ್ಯ ಚಾಲಕನ ಹಿಡಿತ ಮೀರುವಷ್ಟು ಇರಲಿಲ್ಲ. 1931ರ ‘120’ರಲ್ಲಿ ಡೈಮ್ಲರ್-ಬೆಂಜ್ ಕೈಯಲ್ಲಿ ಹಿಡಿದಿದ್ದ ಬಾಕ್ಸರ್ ಎಂಜಿನ್ ‘130’ರವರೆಗೆ ಬಂದಿದ್ದರೆ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಪ್ರಶ್ನೆಯನ್ನು ಅವರು ಸರಿಯಾಗಿಯೇ ಕೇಳಿಕೊಂಡಿದ್ದರು. ಭಾರದ ಸಾಲು ಎಂಜಿನ್ನನ್ನು ಬಾಲಕ್ಕೆ ತೂಗುಹಾಕಿದ್ದರಿಂದ ಉತ್ತರ ತಪ್ಪಿತು. ಬೀಟಲ್‌ನ ಹಿಂದೆ 990 ರೈಷ್‌ಮಾರ್ಕಿಗೇ ಕಾರು ಕೊಡುತ್ತೇನೆಂದು ಘೋಷಿಸಿದ ಸರ್ಕಾರದ ಬೆಂಬಲವೂ ಇತ್ತೆಂಬುದನ್ನು ಮರೆಯಬಾರದು. ‘130’ ತನ್ನ ಖರ್ಚನ್ನು ತಾನೇ ದುಡಿಯಬೇಕಾಗಿತ್ತು.

ಮತ್ತೆ ಅಂಥ ಕೂಟಕ್ಕೆ ಹೋದಾಗ ಆ ಕಾರು ಬಂದಿದ್ದರೆ, ಮೂತಿಯ ಮುಂದೆ ನಿಲ್ಲುವ ಬದಲು ಹಿಂದಕ್ಕೆ ಹೋಗಿ ನೆಲಕ್ಕೆ ಬಾಗಿ ನೋಡಿ. ಕೊಳವೆ ಕವೆಯಾಗಿ ಒಡೆದು ಎಂಜಿನ್ನನ್ನು ಹಿಡಿದಿರುವುದು ಕಾಣುತ್ತದೆ, ಎಂಜಿನ್ ಅಚ್ಚಿನಿಂದ ಎಷ್ಟು ಆಚೆಗಿದೆ ಎಂಬುದೂ ಕಾಣುತ್ತದೆ. ಒಡೆಯರು ಟೈರು ಬದಲಿಸಲೆಂದು ಹಿಂಭಾಗಕ್ಕೆ ಜಾಕ್ ಕೊಟ್ಟು ಎತ್ತುವ ಸಂದರ್ಭ ಸಿಕ್ಕರಂತೂ ತಪ್ಪಿಸಿಕೊಳ್ಳಬೇಡಿ. ಒಡಲು ಮೇಲೇರುತ್ತಿದ್ದಂತೆ ಎರಡೂ ಹಿಂದಿನ ಚಕ್ರಗಳು ಬುಡವನ್ನು ಒಳಕ್ಕೆಳೆದುಕೊಂಡು, ಹಕ್ಕಿ ಹಾರುವಾಗ ಕಾಲು ಮಡಿಚುವಂತೆ, ನಿಧಾನವಾಗಿ ಮಡಿಚಿಕೊಳ್ಳುತ್ತವೆ. 1934ರಲ್ಲಿ ಒದ್ದೆ ರಸ್ತೆಯ ತಿರುವಿನಲ್ಲಿದ್ದ ಚಾಲಕನಿಗೆ ಬೆನ್ನಿನಲ್ಲಿ ತಿಳಿಯುತ್ತಿದ್ದದ್ದು ಇದೇ ಚಲನೆ.